ಕೀಲಿಮಣೆ ಕೈಕೊಟ್ಟಾಗ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ನಾಗರಬಾವಿಯ ನೆರೆಯಲ್ಲಿ, ಅನ್ನಪೂರ್ಣೇಶ್ವರಿ ನಗರವೆಂಬ ಬಡಾವಣೆಯಿದೆ. ಚಿಕ್ಕ ಚಿಕ್ಕ ನಿವೇಶನಗಳಲ್ಲಿ ಮಹಡಿಯ ಮೇಲೆ ಮಹಡಿ ಏರಿದ ಮನೆಗಳು ಅಲ್ಲಿ ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಅಂಥ ಒಂದು ಮನೆಯಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆದು ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಇದ್ದಾಳೆಂದು ಭಾವಿಸಬಹುದು. ತಾನು ಬಯಸುವ ಕಾಲೇಜುಗಳನ್ನೂ ಶಿಕ್ಷಣ ವಿಭಾಗಗಳನ್ನೂ ಆದ್ಯತೆಯ ಕ್ರಮದಲ್ಲಿ ಅವಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ನಮೂದಿಸಬೇಕು. ಅದಕ್ಕೆ ಅಂದೇ ಕಡೆಯ ದಿನ. ಅವಳ ಲ್ಯಾಪ್‌ಟಾಪಿನ ಮೇಲೆ ಹಿಂದಿನ ವಾರ ಕಾಫಿ ಚೆಲ್ಲಿತ್ತು. ಒಣಗಿಸಿದ ಮೇಲೆ ಯಂತ್ರ ಮತ್ತೆ ಚಾಲನೆಗೊಂಡಿತು, ಪರದೆಯೂ ಬೆಳಗಿತು. ಆದರೆ ಕೀಲಿಮಣೆ ಮಾತ್ರ ಮೂಕವಾಯಿತು. ಸಾಲದ್ದಕ್ಕೆ ಮನೆಯ ಹಳೆಯ ರೌಟರನ್ನು ತೆಗೆದು ಹೊಸದನ್ನು ಕೂರಿಸಿ ಎರಡು ದಿನಗಳಷ್ಟೇ ಆಗಿವೆ. ಹೊಸ ನಿಸ್ತಂತು ಜಾಲವನ್ನು ಸೇರಬೇಕಾದರೆ ಹೊಸ ಗುಪ್ತಪದವನ್ನು ಬರೆಯಬೇಕು. ಬರೆಯಲು ಕೀಲಿಮಣೆಯಿಲ್ಲ. ಕಾಲೇಜುಗಳ ದೀರ್ಘವಾದ ಪಟ್ಟಿಯನ್ನು ಮೊಬೈಲಿನ ಕಿರಿದಾದ ಪರದೆಯಲ್ಲಿ ಹಿಂದೆ ಮುಂದೆ ಸರಿಸಿ ಜೋಡಿಸಹೊರಟರೆ ತಪ್ಪಾಗುವ ಸಂಭವ ಹೆಚ್ಚು. ಒಂದು ಸ್ಥಾನ ಹಿಂದುಮುಂದಾದರೂ ಬೇಡವಾದ ಕಾಲೇಜು ಪಾಲಿಗೆ ಬರಬಹುದು.

ಈ ತೊಡಕಿನಿಂದ ಪಾರಾಗುವ ಬಗೆಯನ್ನು ಅರಿಯಬೇಕಾದರೆ, ಕೀಲಿಮಣೆಗೂ ಅಕ್ಷರಕ್ಕೂ ಇರುವ ಸಂಬಂಧವೇನೆಂಬುದನ್ನು ಮೊದಲು ತಿಳಿಯಬೇಕು.

ಹಿಂದೆ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಬೆರಳಚ್ಚು ಯಂತ್ರದಲ್ಲಿ ಕೀಲಿಗೂ ಅಕ್ಷರಕ್ಕೂ ಕಬ್ಬಿಣದ ನಂಟು. ಕೀಲಿಯನ್ನು ಒತ್ತಿದರೆ ಅದಕ್ಕೆ ಜೋಡಿಸಿದ ಸರಳು ಮೇಲೆದ್ದು, ಅದರ ತುದಿಯಲ್ಲಿ ಎರಕ ಹೊಯ್ದ ಅಕ್ಷರವು ಶಾಯಿಯ ಪಟ್ಟಿಯ ಮೂಲಕ ಕಾಗದಕ್ಕೆ ಬಡಿಯುತ್ತಿತ್ತು. ಸರಳು ಮುರಿದರೆ ಆ ಅಕ್ಷರವೇ ಯಂತ್ರದಿಂದ ಮಾಯವಾದಂತೆ. ಕೆ. ಅನಂತಸುಬ್ಬರಾಯರು ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸುವಾಗ ಎದುರಾದ ಕಷ್ಟವೂ ಇದೇ ಮೂಲದ್ದು. ಸರಳುಗಳ ಸಂಖ್ಯೆಗೆ ಮಿತಿಯಿದೆ. ಕನ್ನಡದ ಕಾಗುಣಿತ ಮತ್ತು ಒತ್ತಕ್ಷರಗಳಿಗೆ ಅಂಥ ಮಿತಿಯಿಲ್ಲ.

ಗಣಕಯಂತ್ರದಲ್ಲಿ ಈ ನಂಟು ಕಳಚಿಹೋಗಿದೆ. ಲ್ಯಾಪ್‌ಟಾಪಿನ ಕೀಲಿಗಳ ಅಡಿಯಲ್ಲಿ ಸಾಮಾನ್ಯವಾಗಿ ತೆಳುವಾದ ಮೂರು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನ ಹಾಳೆಯಲ್ಲೂ ಕೆಳಗಿನ ಹಾಳೆಯಲ್ಲೂ ವಿದ್ಯುತ್ತು ಹರಿಯುವ ಸಣ್ಣ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಣ ಹಾಳೆ ಅವೆರಡನ್ನೂ ಪರಸ್ಪರ ತಾಗದಂತೆ ತಡೆಯುತ್ತದೆ. ಆದರೆ ಪ್ರತಿಯೊಂದು ಕೀಲಿಯ ನೇರಕ್ಕೆ ಅದರಲ್ಲಿ ಒಂದು ರಂಧ್ರವಿದೆ. ಕೀಲಿಯನ್ನು ಒತ್ತಿದಾಗ ಮೇಲಿನ ಗೆರೆ ಆ ರಂಧ್ರದ ಮೂಲಕ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಈ ಗೆರೆಗಳು ಚೌಕಾಬಾರದ ಮನೆಗಳಂತೆ ಅಡ್ಡಸಾಲು, ನೀಟಸಾಲುಗಳಾಗಿ ಹೆಣೆದುಕೊಂಡಿವೆ. ಒಂದು ಪುಟ್ಟ ನಿಯಂತ್ರಕವು ಈ ಸಾಲುಗಳನ್ನು ಬಿಡುವಿಲ್ಲದೆ ಪರೀಕ್ಷಿಸುತ್ತ, ಯಾವ ಅಡ್ಡಸಾಲು ಯಾವ ನೀಟಸಾಲನ್ನು ಮುಟ್ಟಿತೆಂಬುದನ್ನು ಕಂಡುಕೊಂಡು, ಆ ಕೀಲಿಗೆ ಗೊತ್ತುಪಡಿಸಿದ ಸಂಖ್ಯೆಯನ್ನು ಯಂತ್ರಕ್ಕೆ ಕಳುಹಿಸುತ್ತದೆ. ಕಾಫಿಯ ಸಕ್ಕರೆ ಮತ್ತು ಹಾಲಿನ ಅಂಶ ಒಳಹೊಕ್ಕು ಒಂದು ಗೆರೆ ಸವೆದು ತುಂಡಾಯಿತೆಂದರೆ ಆ ಗೆರೆಯ ಮೇಲಿರುವ ಕೀಲಿಗಳೆಲ್ಲವೂ ಒಮ್ಮೆಗೇ ಸತ್ತಂತಾಗುತ್ತವೆ. ಕಾಫಿ ಬಿದ್ದದ್ದು ಒಂದು ಮೂಲೆಯಲ್ಲಾದರೂ ಕೆಟ್ಟ ಕೀಲಿಗಳು ಮಣೆಯ ಉದ್ದಕ್ಕೂ ಚೆದರಿರುವುದಕ್ಕೆ ಇದೇ ಕಾರಣ.

ಯಂತ್ರಕ್ಕೆ ತಲಪುವುದು ಸಂಖ್ಯೆಯೇ ಹೊರತು ಅಕ್ಷರವಲ್ಲವೆಂಬುದಕ್ಕೆ ಕನ್ನಡಿಗರ ಕಣ್ಣೆದುರಿಗೇ ಸಾಕ್ಷ್ಯವಿದೆ. ಮಾರುಕಟ್ಟೆಯಲ್ಲಿ ದೊರೆಯುವ ಬಹುಪಾಲು ಕೀಲಿಮಣೆಗಳ ಮೇಲೆ ಅಚ್ಚಾಗಿರುವುದು ಇಂಗ್ಲಿಷ್ ಅಕ್ಷರಗಳು ಮಾತ್ರ. ಅವುಗಳಿಂದಲೇ ಕನ್ನಡವನ್ನು ಸರಾಗವಾಗಿ ಬರೆಯಲಾಗುತ್ತಿದೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಇಂಗ್ಲಿಷಿನ 'ಕೆ' ಕೀಲಿಯನ್ನು ಒತ್ತಿದರೆ 'ಕ' ಮೂಡುತ್ತದೆ, 'ಎನ್' ಒತ್ತಿದರೆ 'ನ' ಮೂಡುತ್ತದೆ. 'ಎಫ್' ಕೀಲಿ ಒತ್ತಕ್ಷರಕ್ಕೆ ದಾರಿ ಮಾಡುವ ಅರ್ಧಾಕ್ಷರದ ಚಿಹ್ನೆಯಾಗುತ್ತದೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಬಳಸಿದ್ದು ಈ ವಿನ್ಯಾಸವನ್ನೇ. ಕೀಲಿಯ ಮೇಲೆ ಅಚ್ಚಾದ ಗುರುತು ಒಂದು, ಪರದೆಯ ಮೇಲೆ ಮೂಡುವ ಅಕ್ಷರ ಇನ್ನೊಂದು. ಅಕ್ಷರವನ್ನು ತೀರ್ಮಾನಿಸುವುದು ತಂತ್ರಾಂಶ. ಅದಕ್ಕೆ ಬೇಕಾದದ್ದು ಸೂಚನೆ ಮಾತ್ರ. ಆ ಸೂಚನೆ ಕೀಲಿಮಣೆಯ ಮೂಲಕವೇ ಬರಬೇಕೆಂಬ ಹಟ ಅದಕ್ಕಿಲ್ಲ.

ಆದುದರಿಂದಲೇ ಪರದೆಯ ಮೇಲೆ ಕೀಲಿಮಣೆಯ ಚಿತ್ರವೊಂದನ್ನು ಮೂಡಿಸಿ, ಬಾಣದ ಗುರುತಿನಿಂದ ಒಂದೊಂದೇ ಅಕ್ಷರವನ್ನು ಒತ್ತಲು ಸಾಧ್ಯವಾಗಿದೆ. ವಿಂಡೋಸ್ ವ್ಯವಸ್ಥೆಯಲ್ಲಿ, ಯಂತ್ರವನ್ನು ಪ್ರವೇಶಿಸುವ ಮೊದಲ ಪುಟದಲ್ಲೇ ಬಲಗಡೆಯ ಕೆಳಮೂಲೆಯಲ್ಲಿ ಕೆಲವು ಸಣ್ಣ ಚಿಹ್ನೆಗಳಿರುತ್ತವೆ. ಅವುಗಳಲ್ಲಿ ಒಂದು ಸುಲಭ ಬಳಕೆಯ ಸೌಲಭ್ಯಗಳದು. ವಿಂಡೋಸ್ ೧೧ರಲ್ಲಿ ಅದು ಕೈಚಾಚಿ ನಿಂತ ಮನುಷ್ಯನ ಆಕೃತಿಯಲ್ಲಿದೆ. ಅದನ್ನು ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ 'ಆನ್-ಸ್ಕ್ರೀನ್ ಕೀಬೋರ್ಡ್' ಎಂಬುದನ್ನು ಆರಿಸಿದರೆ ಕೀಲಿಮಣೆ ಪರದೆಯ ಮೇಲೆ ತೋರುತ್ತದೆ. ಯಂತ್ರದ ಒಳಗೆ ಪ್ರವೇಶಿಸಲು ಬೇಕಾದ ಗುಪ್ತಪದವನ್ನೂ ಇದರಿಂದಲೇ ಬರೆಯಬಹುದು. ಅನಂತರ ಸೆಟ್ಟಿಂಗ್ಸ್ ಪುಟದ ಸುಲಭ ಬಳಕೆಯ ವಿಭಾಗದಲ್ಲಿ ಅದನ್ನು ಮತ್ತೆ ತೆರೆಯಬೇಕು. ಕೀಲಿಗಳ ಕೆಳಗಿರುವ ಟಚ್‌ಪ್ಯಾಡಿಗೆ ಬಹುತೇಕ ಯಂತ್ರಗಳಲ್ಲಿ ಬೇರೆಯದೇ ತಂತಿಯಿರುವುದರಿಂದ ಕೀಲಿಮಣೆ ಕೆಟ್ಟರೂ ಅದು ಕೆಲಸ ಮಾಡುತ್ತಿರುತ್ತದೆ. ಅದೂ ಕೆಟ್ಟಿದ್ದರೆ ಒಂದು ಸಾಮಾನ್ಯ ಮೌಸ್ ಸಾಕು.

ಈ ಸೌಲಭ್ಯವನ್ನು ಮುಖ್ಯವಾಗಿ ರೂಪಿಸಿದ್ದು ಕಾಫಿ ಚೆಲ್ಲಿಕೊಂಡವರಿಗಾಗಿ ಅಲ್ಲ. ಕೈಬೆರಳುಗಳಿಂದ ಕೀಲಿಗಳನ್ನು ಒತ್ತಲಾಗದವರಿಗಾಗಿ ಇದು ಹುಟ್ಟಿತು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ೧೯೮೫ರಲ್ಲಿ ಶಸ್ತ್ರಚಿಕಿತ್ಸೆಯೊಂದರ ಬಳಿಕ ಮಾತನ್ನು ಪೂರ್ತಿಯಾಗಿ ಕಳೆದುಕೊಂಡರು. ಪರದೆಯ ಮೇಲೆ ಪದಗಳ ಮೇಲಿಂದ ಗುರುತೊಂದು ಸರಿಯುತ್ತ ಹೋಗುವುದು, ಬೇಕಾದ ಪದ ಬಂದಾಗ ಅವರು ಗುಂಡಿಯನ್ನು ಒತ್ತುವುದು — ಹೀಗೆ ಅವರು ಬರೆದರು, ಉಪನ್ಯಾಸಗಳನ್ನೂ ಕೊಟ್ಟರು. ಕೈ ಸೋತ ಮೇಲೆ ಕೆನ್ನೆಯ ಸ್ನಾಯುವಿನ ಅಲುಗಾಟವೊಂದೇ ಅವರಿಗೆ ಗುಂಡಿಯಾಯಿತು. ೨೦೧೮ರಲ್ಲಿ ತೀರಿಕೊಳ್ಳುವವರೆಗೂ ಅವರು ಇಂಥ ವಿಧಾನದಿಂದಲೇ ಬರೆಯುತ್ತಿದ್ದರು. ವಿಂಡೋಸಿನ ಪರದೆಯ ಕೀಲಿಮಣೆಯಲ್ಲೂ ಹೀಗೆ ಗುರುತು ತಾನಾಗಿ ಸರಿಯುವಂತೆ ಮಾಡುವ ಏರ್ಪಾಡಿದೆ. ಬಾಣದ ಗುರುತನ್ನು ಅಕ್ಷರದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು, ಒತ್ತುವ ಅಗತ್ಯವಿಲ್ಲವೆಂಬ ಇನ್ನೊಂದು ಏರ್ಪಾಡೂ ಇದೆ.

ಇನ್ನು ನಿಸ್ತಂತು ಜಾಲದ ಮಾತು. ಜಾಲದ ಚಿಹ್ನೆಯನ್ನು ಒತ್ತಿದೊಡನೆ ಅನ್ನಪೂರ್ಣೇಶ್ವರಿ ನಗರದಂಥ ಒತ್ತಾದ ಬಡಾವಣೆಯಲ್ಲಿ ಒಂದಲ್ಲ, ಹತ್ತು ಹನ್ನೆರಡು ಜಾಲಗಳ ಹೆಸರುಗಳು ಕಾಣಿಸಿಕೊಳ್ಳುವುದುಂಟು. ನೆರೆಮನೆಯ ಜಾಲ, ಮೇಲಿನ ಮಹಡಿಯ ಜಾಲ, ಎದುರುಮನೆಯ ಜಾಲ! ರೌಟರಿನಿಂದ ಹೊರಡುವ ರೇಡಿಯೋ ಅಲೆಗಳಿಗೆ ನಿವೇಶನದ ಎಲ್ಲೆ ಗೊತ್ತಿಲ್ಲ. ಇಂಥ ಕಿರಿದಾದ ಅಲೆಗಳು ಗೋಡೆಯನ್ನು ಹಾಯುತ್ತವೆಂಬುದನ್ನು ಜಗದೀಶಚಂದ್ರ ಬೋಸರು ೧೮೯೫ರಲ್ಲೇ ಕಲ್ಕತ್ತೆಯಲ್ಲಿ, ಗೋಡೆಯಾಚೆಗಿನ ಗಂಟೆಯನ್ನು ತಂತಿಯಿಲ್ಲದೆ ಬಾರಿಸಿ ತೋರಿಸಿದ್ದರು. ಬೆಂಗಳೂರು ಆಕಾಶವಾಣಿಯ ೬೧೨ ಕಿಲೋಹರ್ಟ್ಸ್ ಪ್ರಸಾರದಲ್ಲಿ ಅಲೆಯೊಂದರ ಉದ್ದ ಸುಮಾರು ೪೯೦ ಮೀಟರು. ಮನೆಯ ರೌಟರಿನ ೨.೪ ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರು, ಎಂದರೆ ಸುಮಾರು ಅರ್ಧ ಗೇಣು. ಆಕಾಶವಾಣಿಯನ್ನು ಯಾರು ಕೇಳಿದರೂ ನಷ್ಟವಿಲ್ಲ. ಕೇಳಲೆಂದೇ ಅದು ಪ್ರಸಾರವಾಗುತ್ತದೆ. ಮನೆಯೊಂದರ ಬ್ಯಾಂಕಿನ ವ್ಯವಹಾರ, ಪತ್ರ, ಅರ್ಜಿಗಳು ಹಾಗಲ್ಲ. ಗೋಡೆ ಕಾಯಲಾರದ್ದನ್ನು ಗುಪ್ತಪದ ಕಾಯಬೇಕಾಗಿದೆ.

ಗುಪ್ತಪದವನ್ನು ಬರೆದಾಗ ಅದು ಗಾಳಿಯಲ್ಲಿ ತೇಲಿ ರೌಟರಿಗೆ ಹೋಗುತ್ತದೆಂದು ಹಲವರು ಎಣಿಸುತ್ತಾರೆ. ಹಾಗೆ ಹೋದರೆ ನೆರೆಯವರೂ ಅದನ್ನು ಹಿಡಿದಾರು. ೨೦೦೪ರಲ್ಲಿ ಬಳಕೆಗೆ ಬಂದು ಇಂದಿಗೂ ಮನೆಗಳಲ್ಲಿ ವ್ಯಾಪಕವಾಗಿರುವ ಡಬ್ಲ್ಯುಪಿಎ-೨ ಎಂಬ ಪದ್ಧತಿಯಲ್ಲಿ ನಡೆಯುವುದೇ ಬೇರೆ. ಲ್ಯಾಪ್‌ಟಾಪು ತನ್ನೊಳಗೇ ಗುಪ್ತಪದವನ್ನೂ ಜಾಲದ ಹೆಸರನ್ನೂ ಕೂಡಿಸಿ, ಒಂದು ಲೆಕ್ಕವನ್ನು ೪,೦೯೬ ಬಾರಿ ಮಾಡಿ, ದೀರ್ಘವಾದ ಒಂದು ಸಂಖ್ಯೆಯನ್ನು ಪಡೆಯುತ್ತದೆ. ರೌಟರಿನ ಬಳಿಯೂ ಅದೇ ಸಂಖ್ಯೆಯಿದೆ. ಬಳಿಕ ಇಬ್ಬರೂ ಆ ಗಳಿಗೆಗೆ ಹೊಳೆದ ಬೇರೊಂದು ಸಂಖ್ಯೆಯನ್ನು ಪರಸ್ಪರ ಕಳುಹಿಸಿ, ಅದಕ್ಕೆ ತಮ್ಮ ಗುಟ್ಟಿನ ಸಂಖ್ಯೆಯನ್ನು ಬೆರೆಸಿ ಬಂದ ಉತ್ತರವನ್ನು ಮಾತ್ರ ತೋರಿಸುತ್ತಾರೆ. ಉತ್ತರಗಳು ತಾಳೆಯಾದರೆ ಬಾಗಿಲು ತೆರೆಯುತ್ತದೆ. ಗುಟ್ಟನ್ನು ಬಾಯಿಬಿಡದೆಯೇ ಗುಟ್ಟು ತನಗೆ ಗೊತ್ತೆಂದು ಸಿದ್ಧಪಡಿಸುವ ಈ ಉಪಾಯ ಸೊಗಸಾದದ್ದು.

ಇದರಿಂದ ಒಂದು ಕಟ್ಟುಪಾಡೂ ಉಂಟಾಗುತ್ತದೆ. ಗುಪ್ತಪದದ ಒಂದೇ ಅಕ್ಷರ ತಪ್ಪಿದರೂ ಲೆಕ್ಕದ ಫಲ ಪೂರಾ ಬೇರೆಯಾಗುತ್ತದೆ. 'ಹೆಚ್ಚುಕಡಿಮೆ ಸರಿ' ಎಂಬುದಕ್ಕೆ ಇಲ್ಲಿ ಎಡೆಯಿಲ್ಲ. ಬಹಳಷ್ಟು ರೌಟರುಗಳ ಅಡಿಯಲ್ಲಿ ಮೊದಲ ಗುಪ್ತಪದವನ್ನು ಚೀಟಿಯ ಮೇಲೆ ಅಚ್ಚುಮಾಡಿ ಅಂಟಿಸಿರುತ್ತಾರೆ. ಅದರಲ್ಲಿ ಸೊನ್ನೆಗೂ 'ಓ' ಅಕ್ಷರಕ್ಕೂ, ಒಂದರ ಅಂಕಿಗೂ ಚಿಕ್ಕ 'ಎಲ್' ಅಕ್ಷರಕ್ಕೂ ಭೇದ ತಿಳಿಯುವುದು ಕಷ್ಟ. ದೊಡ್ಡಕ್ಷರ ಬೇಕಾದಲ್ಲಿ ಪರದೆಯ ಕೀಲಿಮಣೆಯಲ್ಲಿ 'ಶಿಫ್ಟ್' ಅನ್ನು ಒಮ್ಮೆ ಒತ್ತಿ, ಆಮೇಲೆ ಅಕ್ಷರವನ್ನು ಒತ್ತಬೇಕು; ಆ ಒಂದು ಅಕ್ಷರವಾದ ಕೂಡಲೇ 'ಶಿಫ್ಟ್' ತಾನಾಗಿ ಬಿಟ್ಟುಕೊಳ್ಳುತ್ತದೆ. ಗುಪ್ತಪದದ ಪೆಟ್ಟಿಗೆಯ ಪಕ್ಕದಲ್ಲಿ ಕಣ್ಣಿನ ಚಿಹ್ನೆಯಿರುತ್ತದೆ. ಅದನ್ನು ಒತ್ತಿ, ಬರೆದದ್ದನ್ನು ಚೀಟಿಯೊಡನೆ ತಾಳೆ ನೋಡುವುದು ಲೇಸು.

ಬರೆಯುವ ಗೋಜೇ ಇಲ್ಲದ ದಾರಿಗಳೂ ಇವೆ. ರೌಟರಿನಿಂದ ಲ್ಯಾಪ್‌ಟಾಪಿಗೆ ಈಥರ್ನೆಟ್ ತಂತಿಯನ್ನು ಎಳೆದರೆ ಸಾಮಾನ್ಯವಾಗಿ ಗುಪ್ತಪದವನ್ನೇ ಕೇಳುವುದಿಲ್ಲ. ಕಾರಣ ಸ್ಪಷ್ಟವಾಗಿದೆ: ತಂತಿ ಮನೆಯೊಳಗಿದೆ, ಅದನ್ನು ಚುಚ್ಚಬೇಕಾದರೆ ಮನೆಯೊಳಗೆ ಬರಲೇಬೇಕು. ಇತ್ತೀಚಿನ ತೆಳು ಲ್ಯಾಪ್‌ಟಾಪುಗಳಲ್ಲಿ ಈ ತಂತಿಗೆ ಕಿಂಡಿಯೇ ಇಲ್ಲದಿರಬಹುದು. ಆಗ ಆಂಡ್ರಾಯ್ಡ್ ಮೊಬೈಲೊಂದನ್ನು ಅದರ ಚಾರ್ಜರಿನ ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಸೇರಿಸಿ, ಮೊಬೈಲಿನ ಸೆಟ್ಟಿಂಗ್ಸಿನಲ್ಲಿ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ಚಾಲೂ ಮಾಡಬೇಕು. ಆ ಮೊಬೈಲು ಮನೆಯ ನಿಸ್ತಂತು ಜಾಲವನ್ನು ಮೊದಲೇ ಸೇರಿದ್ದರೆ ಅದೇ ಜಾಲವನ್ನು ಲ್ಯಾಪ್‌ಟಾಪಿಗೂ ಹಂಚುತ್ತದೆ. ಮೊಬೈಲಿನ ಡೇಟಾ ಖರ್ಚಾಗುವುದಿಲ್ಲ. ಅವಸರದ ವೇಳೆಗೆ ಇಷ್ಟು ಸುಲಭವಾದ ಉಪಾಯ ಮತ್ತೊಂದಿಲ್ಲ.

ಮೂರನೆಯದು ಕೆಲವು ರೌಟರುಗಳ ಮೇಲಿರುವ 'ಡಬ್ಲ್ಯುಪಿಎಸ್' ಗುಂಡಿ. ಪರದೆಯ ಮೇಲೆ ಜಾಲದ ಹೆಸರನ್ನು ಆರಿಸಿ ಈ ಗುಂಡಿಯನ್ನು ಒತ್ತಿದರೆ ಎರಡು ನಿಮಿಷಗಳ ಅವಧಿಯಲ್ಲಿ ಯಂತ್ರ ತಾನಾಗಿ ಜಾಲವನ್ನು ಸೇರುತ್ತದೆ. ಇದೇ ಏರ್ಪಾಡಿನ ಇನ್ನೊಂದು ರೂಪದಲ್ಲಿ ಗುಂಡಿಯ ಬದಲು ಎಂಟು ಅಂಕಿಗಳ ಸಂಖ್ಯೆಯಿತ್ತು. ಅದರ ದೋಷ ೨೦೧೧ರಲ್ಲಿ ಬಯಲಾಯಿತು. ಕಡೆಯ ಅಂಕಿ ಉಳಿದವುಗಳ ತಾಳೆಗಾಗಿ ಮಾತ್ರ ಇರುವುದರಿಂದ, ಊಹಿಸಿ ಪ್ರಯತ್ನಿಸುವವನಿಗೆ ಒಂದು ಕೋಟಿ ಸಾಧ್ಯತೆಗಳು ಎದುರಾಗಬೇಕಿತ್ತು. ಆದರೆ ರೌಟರು ಸಂಖ್ಯೆಯನ್ನು ಎರಡು ತುಂಡುಗಳಾಗಿ ಪರೀಕ್ಷಿಸಿ, ಮೊದಲ ತುಂಡು ತಪ್ಪಾದರೆ ಆಗಲೇ ತಿಳಿಸಿಬಿಡುತ್ತಿತ್ತು. ಹೀಗಾಗಿ ಹೆಚ್ಚೆಂದರೆ ೧೧,೦೦೦ ಪ್ರಯತ್ನಗಳಲ್ಲಿ ಬೀಗ ಬಿಚ್ಚುತ್ತಿತ್ತು! ಆದಕಾರಣ ತಿಳಿದವರು ಈ ಏರ್ಪಾಡನ್ನು ಮುಚ್ಚಿಡುವುದೇ ಹೆಚ್ಚು, ಹೊಸ ರೌಟರುಗಳು ಹಲವಕ್ಕೆ ಗುಂಡಿಯೂ ಇರುವುದಿಲ್ಲ.

ಇಷ್ಟೆಲ್ಲ ಉಪಾಯಗಳೂ ಸೋಲುವ ಸಂದರ್ಭ ಒಂದಿದೆ. ಕೀಲಿಯೊಂದು ಒಳಗೆ ಅಂಟಿಕೊಂಡು, ಯಾರೂ ಒತ್ತದೆಯೇ ಸದಾ ಒತ್ತಿದಂತಿದ್ದರೆ, ಪರದೆಯ ಕೀಲಿಮಣೆಯಿಂದ ಬರೆದ ಅಕ್ಷರಗಳ ನಡುವೆ ಅದು ತನ್ನ ಅಕ್ಷರವನ್ನು ತುರುಕುತ್ತಲೇ ಇರುತ್ತದೆ. ಮೂಕನಾದ ಕೀಲಿಮಣೆಗಿಂತ ವಾಚಾಳಿ ಕೀಲಿಮಣೆಯ ಕಾಟ ಹೆಚ್ಚು. ಆಗ ಯಂತ್ರವನ್ನು ಬಿಚ್ಚಿ, ಕೀಲಿಮಣೆಯಿಂದ ಒಳಮಂಡಲಕ್ಕೆ ಹೋಗುವ ಚಪ್ಪಟೆ ತಂತಿಯನ್ನು ಕಳಚಬೇಕಾಗುತ್ತದೆ. ಅದು ಬಲ್ಲವರ ಕೆಲಸ. ಕೆಲವು ಮಾದರಿಗಳಲ್ಲಿ ಯಂತ್ರವನ್ನು ಚಾಲೂ ಮಾಡುವ ಗುಂಡಿಯೂ ಆ ತಂತಿಗೇ ಸೇರಿರುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ತಂತಿ ಕಳಚಿದ ಮೇಲೆ ಹೊರಗಿನ ಯುಎಸ್‌ಬಿ ಕೀಲಿಮಣೆಯೊಂದನ್ನು ಚುಚ್ಚಿದರೆ ಯಾವ ಸಿದ್ಧತೆಯೂ ಇಲ್ಲದೆ ಅದು ಕೆಲಸ ಮಾಡತೊಡಗುತ್ತದೆ.

ದ್ರವ ಆಗತಾನೇ ಚೆಲ್ಲಿದ್ದರೆ ಮಾತ್ರ ಈ ಯಾವ ಪ್ರಯತ್ನಕ್ಕೂ ಕೈಹಾಕಬಾರದು. ಮೊದಲು ಚಾರ್ಜರನ್ನು ಗೋಡೆಯಿಂದ ಕಿತ್ತು, ಯಂತ್ರವನ್ನು ನಿಲ್ಲಿಸಿ, ತೆರೆದ ಪುಸ್ತಕವನ್ನು ಬೋರಲು ಹಾಕಿದಂತೆ ಅದನ್ನು ಮಗುಚಿ ಇಡಬೇಕು. ಒದ್ದೆಯಾದ ಕೀಲಿಮಣೆ ಕೆಡುವುದು ನಿಧಾನವಾಗಿ. ಅದರ ಕೆಳಗಿರುವ ಮಂಡಲ ಸುಟ್ಟುಹೋಗುವುದು ಕ್ಷಣಮಾತ್ರದಲ್ಲಿ. ಕೆಟ್ಟ ಕೀಲಿಮಣೆಯನ್ನು ಬದಲಿಸಿಕೊಡುವ ಅಂಗಡಿಗಳು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಸಾಲುಸಾಲಾಗಿವೆ. ಹೋಗುವಾಗ ಲ್ಯಾಪ್‌ಟಾಪಿನ ಅಡಿಯಲ್ಲಿ ಅಚ್ಚಾಗಿರುವ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ನೋಟಕ್ಕೆ ಒಂದೇ ತೆರನಾಗಿದ್ದರೂ ಒಂದು ಮಾದರಿಯ ಕೀಲಿಮಣೆ ಮತ್ತೊಂದಕ್ಕೆ ಹೊಂದುವುದು ಅಪರೂಪ.