ಚಂದ್ರನಿಗೆ ಬಂದ ಕಾಯಿಲೆ

ಹೈಸ್ಕೂಲಿನ ಮಕ್ಕಳಿಗೆ ರೋಗಾಣುಗಳ ಪಾಠ ಹೇಳತಕ್ಕವರು ವಿಜ್ಞಾನದ ಉಪಾಧ್ಯಾಯರು. ಕನ್ನಡ ಪಂಡಿತನಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನನಗೆ ಆ ಕೆಲಸ ಗಂಟುಬಿದ್ದದ್ದು ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಪದ್ಯಪಾಠ ನಡೆದಿತ್ತು. ಚಂದ್ರನ ವರ್ಣನೆ ಬಂದಾಗ ಪ್ರಸಂಗವಶಾತ್ ಪುರಾಣದ ಕಥೆಯನ್ನೂ ಹೇಳಿದೆ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳಲ್ಲೇ ಅನುರಕ್ತನಾದ. ಮಿಕ್ಕವರು ತಂದೆಯಲ್ಲಿ ದೂರಿಟ್ಟರು. ದಕ್ಷನ ಶಾಪದಿಂದ ಚಂದ್ರ ದಿನದಿನಕ್ಕೆ ಕ್ಷೀಣಿಸಿದ. ರಾಜನಾದ ಸೋಮನನ್ನು ಹಿಡಿದ ಯಕ್ಷ್ಮವಾದ್ದರಿಂದ ಅದು ರಾಜಯಕ್ಷ್ಮ. ‘ಕ್ಷಯವೆಂಬುದು ಹೀಗೆ ತಪ್ಪಿಗೆ ಬಂದ ದಂಡನೆ’ ಎಂದು ಮಾತು ಮುಗಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಗ್ಗಿಸಿದ ತಲೆಯನ್ನು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ. ಅವಳ ತಂದೆ ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರೆಂದೂ, ಮನೆಯವರು ಅದನ್ನು ನೆರೆಹೊರೆಗೆ ತಿಳಿಯದಂತೆ ಬಚ್ಚಿಟ್ಟಿದ್ದರೆಂದೂ ಆಮೇಲೆ ಗೊತ್ತಾಯಿತು. ಆ ಕಥೆಯನ್ನು ನಾನು ಇಂದಿಗೂ ಹೇಳುತ್ತೇನೆ. ಆದರೆ ಅದರ ಬೆನ್ನಿಗೇ ರೋಗದ ನಿಜಸಂಗತಿಯನ್ನೂ ಹೇಳದೆ ತರಗತಿಯಿಂದ ಹೊರಬೀಳುವುದಿಲ್ಲ.

1882ನೆಯ ಇಸವಿ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಕ್ ಎಂಬ ವೈದ್ಯ ಕ್ಷಯಕ್ಕೆ ಕಾರಣ ಒಂದು ಬ್ಯಾಕ್ಟೀರಿಯವೆಂದು ವಿದ್ವಾಂಸರ ಸಭೆಗೆ ತೋರಿಸಿಕೊಟ್ಟ. ಕಡ್ಡಿಯಂಥ ಆಕಾರ, ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ನಾಲ್ಕು ಭಾಗ. ಮೈಗೆ ಮೇಣದಂಥ ಹೊದಿಕೆ. ರೋಗಿಯ ಕಫದಲ್ಲಿ ಕಾಣುವುದು ಈ ಕಡ್ಡಿಯೇ ಹೊರತು ಯಾರ ಪಾಪವೂ ಅಲ್ಲ.

ಶ್ವಾಸಕೋಶದ ಕ್ಷಯವಿದ್ದವರು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ರೋಗಾಣು ಗಾಳಿಗೆ ಸೇರುತ್ತದೆ. ಆ ಗಾಳಿಯನ್ನು ಉಸಿರಾಡಿದವರೊಳಕ್ಕೆ ಹೋಗುತ್ತದೆ. ತಟ್ಟೆ ಲೋಟಗಳಿಂದ, ಬಟ್ಟೆಯಿಂದ, ಕೈ ಹಿಡಿಯುವುದರಿಂದ ಹರಡುವುದಿಲ್ಲ. ಆದರೂ ನಮ್ಮ ಮನೆಗಳಲ್ಲಿ ಮೊದಲು ಬೇರೆಯಾಗುವುದು ತಟ್ಟೆಯೇ! ಕಿಟಕಿ ಮಾತ್ರ ಮುಚ್ಚಿಯೇ ಇರುತ್ತದೆ. ಆಗಬೇಕಾದದ್ದು ಇದರ ತಿರುಗುಮುರುಗು: ಕಿಟಕಿ ತೆರೆಯಬೇಕು, ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡವಿಡಬೇಕು, ಊಟ ಜೊತೆಯಲ್ಲೇ ಆಗಬಹುದು.

ರೋಗಾಣು ಒಳಹೊಕ್ಕವರೆಲ್ಲರೂ ರೋಗಿಗಳಾಗುವುದಿಲ್ಲವೆಂದರೆ ಹುಡುಗರಿಗೆ ಆಶ್ಚರ್ಯ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ತಲೆಯೆತ್ತುತ್ತದೆ. ಮಿಕ್ಕವರಲ್ಲಿ ಅದು ಅಡಗಿಯೇ ಇರುತ್ತದೆ. ಹೊಟ್ಟೆಗಿಲ್ಲದವರು, ಸಕ್ಕರೆ ಕಾಯಿಲೆಯವರು, ಎಚ್‌ಐವಿ ಸೋಂಕಿತರು, ಹೊಗೆಸೊಪ್ಪಿನ ಚಟದವರು ಹೆಚ್ಚು ಎಚ್ಚರದಿಂದಿರಬೇಕು.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು, ಕೆಲವೊಮ್ಮೆ ಕಫದಲ್ಲಿ ರಕ್ತ: ಇವು ಲಕ್ಷಣಗಳು. ಕತ್ತಿನ ಗಂಟುಗಳಿಗೂ, ಮೂಳೆಗೂ, ಮಿದುಳಿಗೂ ಕ್ಷಯ ತಗಲುವುದುಂಟು.

ಜನರಿಗೆ ತಿಳಿವಳಿಕೆ ಸಾಲದು, ಆದ್ದರಿಂದ ಅವರು ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಓದಿದವರು ಸುಲಭವಾಗಿ ಹೇಳಿಬಿಡುತ್ತಾರೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ವಿಚಾರಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು; ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆಯನ್ನರಸಿ ಹೋಗಿಯೂ ಇದ್ದರು. ಹಾಗೆ ಹೋದವರಲ್ಲಿ ಅನೇಕರು ಒಂದು ಸೀಸೆ ಕೆಮ್ಮಿನ ಔಷಧಿ ಹಿಡಿದು ಮನೆಗೆ ಮರಳಿದವರು. ಆದಕಾರಣ ನಾನು ಹುಡುಗರಿಗೆ ಹೇಳುವುದಿಷ್ಟು: ಎರಡು ವಾರದ ಕೆಮ್ಮಿದ್ದರೆ ‘ಕಫ ಪರೀಕ್ಷೆ ಮಾಡಿ’ ಎಂದು ಬಾಯಿಬಿಟ್ಟು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಿಗೂ ಹಣವಿಲ್ಲ.

ಸಾಧಾರಣ ಕ್ಷಯಕ್ಕೆ ಆರು ತಿಂಗಳ ಔಷಧಿ. ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕನ್ನು ಎರಡು ತಿಂಗಳು ಕೊಟ್ಟು, ಅನಂತರ ನಾಲ್ಕು ತಿಂಗಳು ಮೂರನ್ನು ಮುಂದುವರಿಸುತ್ತಾರೆ. ರಿಫಾಂಪಿಸಿನ್‌ನಿಂದ ಮೂತ್ರ ಕೆಂಪು ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ರಕ್ತವೆಂದು ಗಾಬರಿಬಿದ್ದು ಔಷಧಿ ಬಿಟ್ಟವರುಂಟು. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಆರು ತಿಂಗಳೇಕೆ? ಇಲ್ಲಿ ಹೊಲದ ಜೇಕನ್ನು ನೆನೆಯಬೇಕು. ಮೇಲಿನ ಹುಲ್ಲನ್ನು ಕೊಯ್ದರೆ ಹೊಲ ಚೊಕ್ಕಟವಾಗಿ ಕಾಣುತ್ತದೆ. ನೆಲದೊಳಗಿನ ಗೆಡ್ಡೆ ಹಾಗೆಯೇ ಉಳಿದಿರುತ್ತದೆ. ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಕ್ಷಯದ್ದಕ್ಕೆ ಹದಿನೈದು ಇಪ್ಪತ್ತು ಗಂಟೆ ಬೇಕು. ಕೆಲವಂತೂ ತಿಂಗಳುಗಟ್ಟಲೆ ಜಡವಾಗಿ ಬಿದ್ದಿರುತ್ತವೆ. ಔಷಧಿ ಚೆನ್ನಾಗಿ ನಾಟುವುದು ಬೆಳೆಯುತ್ತಿರುವವುಗಳಿಗೆ. ಎರಡನೆಯ ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಂಡಿತೆಂದು ಗುಳಿಗೆ ಬಿಟ್ಟರೆ ಉಳಿದವು ಮತ್ತೆ ಏಳುತ್ತವೆ. ಔಷಧಿಗೆ ಜಗ್ಗದಂಥವು ಎದ್ದರೆ ಚಿಕಿತ್ಸೆ ಬಹು ಕಷ್ಟ. ಅವು ರೋಗಿಯಿಂದ ಮನೆಯವರಿಗೂ ಅದೇ ಬಲದೊಡನೆ ದಾಟುತ್ತವೆ.

ಹಿಂದೆ ರೋಗಿಯನ್ನು ಸ್ಯಾನಟೋರಿಯಮ್ಮಿಗೆ ಕಳುಹಿಸುವುದೇ ಪದ್ಧತಿಯಾಗಿತ್ತು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಅಧ್ಯಯನವೊಂದು ಮನೆಯಲ್ಲಿದ್ದುಕೊಂಡು ಔಷಧಿ ತೆಗೆದುಕೊಂಡವರೂ ಹೆಚ್ಚುಕಡಿಮೆ ಹಾಗೆಯೇ ಗುಣವಾಗುತ್ತಾರೆಂದೂ, ಅದರಿಂದ ಮನೆಯವರಿಗೆ ಹೆಚ್ಚಿನ ಅಪಾಯವಿಲ್ಲವೆಂದೂ ತೋರಿಸಿತು. ಲೋಕದ ಪದ್ಧತಿಯೇ ಅದರಿಂದ ಬದಲಾಯಿತು. ಸರಿಯಾದ ಔಷಧಿ ಮೊದಲಾದ ಕೆಲವು ವಾರಗಳಲ್ಲೇ ರೋಗ ಹರಡುವುದು ಬಹುಮಟ್ಟಿಗೆ ತಗ್ಗುತ್ತದೆ. ಹುಟ್ಟಿದ ಕೂಸಿಗೆ ಹಾಕುವ ಬಿಸಿಜಿ ಲಸಿಕೆ ಎಳೆಯರನ್ನು ಮಿದುಳಿನ ಕ್ಷಯದಿಂದ ಕಾಪಾಡುತ್ತದೆ. ದೊಡ್ಡವರಿಗೆ ಅದರ ಬಲ ಅಷ್ಟಾಗಿ ಸಾಲದು.

ರೋಗಿಗಳ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾರಂಭಿಸಿತು. 2024ರ ನವೆಂಬರಿನಿಂದ ಅದನ್ನು 1000ಕ್ಕೆ ಏರಿಸಿತು. ಯೋಜನೆಯ ಹೆಸರು ‘ನಿಕ್ಷಯ್’. ವ್ಯಾಕರಣದಂತೆ ‘ನಿಃಕ್ಷಯ’ ಆಗಬೇಕು. ಗುಣವಾಗುವುದಾದರೆ ವಿಸರ್ಗವೊಂದು ಬಿದ್ದುಹೋದರೂ ನನ್ನ ತಕರಾರಿಲ್ಲ.

ಆ ಹುಡುಗಿಯ ತಂದೆ ಆರು ತಿಂಗಳನ್ನೂ ಪೂರೈಸಿದರು. ಮನೆಯವರೆಲ್ಲರ ಪರೀಕ್ಷೆಯೂ ಆಯಿತು. ಮಾರನೆಯ ವರ್ಷ ಚಂದ್ರನ ಕಥೆ ಕೇಳಿದ ತರಗತಿಗೆ, ತಟ್ಟೆಯಿಂದ ಕ್ಷಯ ಹರಡುವುದಿಲ್ಲವೆಂದು ಬಂದು ಹೇಳಿದವಳು ಹತ್ತನೆಯ ತರಗತಿಯ ಅವಳೇ.