ಹಳೆಯ ಮೋಟಾರು ಕಾರಿನ ಇಂಜಿನ್ನು ಆಗಾಗ್ಗೆ ಬಲಗುಂದುವುದು: ಕಾರಣವನ್ನು ಗೊತ್ತುಮಾಡುವ ಕ್ರಮ

ಹಳೆಯ ಪೆಟ್ರೋಲು ಕಾರನ್ನು ಜೋಪಾನವಾಗಿ ಇಟ್ಟುಕೊಂಡಿರುವ ಜಮೀನುದಾರರು ನಮ್ಮ ಗ್ರಾಮಗಳಲ್ಲಿ ಈಗಲೂ ಇದ್ದಾರೆ. ಕಲ್ಕತ್ತೆಯ ಸಮೀಪದ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ 2014ನೆಯ ಇಸವಿಯವರೆಗೆ ತಯಾರಾದ ಅಂಬಾಸಿಡರ್ ಕಾರು ಇಂಥವುಗಳಲ್ಲಿ ಮುಖ್ಯವಾದುದು. ಸಂತೆಗೆ, ತಾಲ್ಲೂಕು ಕಚೇರಿಗೆ, ಮದುವೆ ಮುಂಜಿಗಳಿಗೆ, ಅಪವೇಳೆಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದಕ್ಕೆ ಇಂಥ ಕಾರು ಮನೆಗೂ ನೆರೆಹೊರೆಗೂ ಒದಗುತ್ತದೆ.

ಇವುಗಳಲ್ಲಿ ಕಂಡುಬರುವ ದೋಷಗಳಲ್ಲಿ ಬಹು ತೊಂದರೆ ಕೊಡತಕ್ಕುದು ಯಾವುದೆಂದರೆ, ಇಂಜಿನ್ನು ಚೆನ್ನಾಗಿ ಓಡುತ್ತಿದ್ದು ದಾರಿಯಲ್ಲಿ ಇದ್ದಕ್ಕಿದ್ದಂತೆ ಬಲಗುಂದಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ತಾನಾಗಿಯೇ ಸರಿಹೋಗುವುದು. ಪೂರ್ತಿಯಾಗಿ ಕೆಟ್ಟ ಇಂಜಿನ್ನಿನ ದೋಷವನ್ನು ಮೆಕ್ಯಾನಿಕ್ಕನು ಬೇಗ ಹಿಡಿಯಬಲ್ಲನು. ಈ ಬಗೆಯ ಕಾರಾದರೋ ಅವನ ಅಂಗಡಿಯ ಮುಂದೆ ಯಾವ ದೋಷವನ್ನೂ ತೋರುವುದಿಲ್ಲ. ಆದುದರಿಂದ ಊಹೆಯ ಮೇಲೆ ಒಂದಾದ ಮೇಲೊಂದು ಭಾಗವನ್ನು ಬದಲಾಯಿಸುವುದು ವಾಡಿಕೆಯಾಗಿದೆ. ಹಣವು ವ್ಯಯವಾಗುವುದಲ್ಲದೆ, ಲಾರಿಯನ್ನು ದಾಟಿ ಮುಂದೆ ಹೋಗುವಾಗಲೋ ರೈಲ್ವೆ ಗೇಟನ್ನು ದಾಟುವಾಗಲೋ ಕಾರು ಬಲಗುಂದಿದರೆ ಪ್ರಾಣಕ್ಕೇ ಅಪಾಯವುಂಟು.

ಬೆಳೆಯ ಎಲೆ ಹಳದಿಯಾದ ಮಾತ್ರಕ್ಕೆ ವಿವೇಕಿಯಾದ ರೈತನು ಔಷಧವನ್ನು ಸಿಂಪಡಿಸುವುದಿಲ್ಲ. ನೀರು ನಿಂತಿದೆಯೇ, ಗೊಬ್ಬರ ಸಾಲದೇ, ಬೇರಿಗೆ ರೋಗ ತಗುಲಿದೆಯೇ ಎಂಬುದನ್ನು ಬುಡ ಕೆದಕಿ ನೋಡುತ್ತಾನೆ. ಕಾರಿನ ವಿಷಯದಲ್ಲಿಯೂ ಇದೇ ಕ್ರಮವನ್ನು ಅನುಸರಿಸುವುದು ಯುಕ್ತವು.

1. ಮೊದಲು ಬರೆದಿಡಬೇಕಾದ ಸಂಗತಿಗಳು

ಕಾರಿನಲ್ಲಿ ಒಂದು ಸಣ್ಣ ಪುಸ್ತಕವನ್ನಿಟ್ಟು, ದೋಷವು ತೋರಿದಾಗಲೆಲ್ಲ ಈ ಕೆಳಗಿನ ಸಂಗತಿಗಳನ್ನು ಬರೆದಿಡತಕ್ಕದ್ದು: ಹೊರಟ ಮೇಲೆ ಎಷ್ಟು ದೂರಕ್ಕೆ ತೋರಿತು, ಏರಿನಲ್ಲಿಯೋ ಸಮದಾರಿಯಲ್ಲಿಯೋ, ಬಿಸಿಲೋ ಮಳೆಯೋ, ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು, ಬಲವು ಮೆಲ್ಲಗೆ ಕುಗ್ಗಿತೋ, ದೀಪವಾರಿದಂತೆ ಫಕ್ಕನೆ ಹೋಯಿತೋ, ಎಷ್ಟು ಹೊತ್ತು ನಿಂತ ಮೇಲೆ ಸರಿಹೋಯಿತು. ನಾಲ್ಕಾರು ಸಲ ಹೀಗೆ ಬರೆದಿಟ್ಟರೆ ದೋಷದ ಸ್ವಭಾವವು ಬಹುಮಟ್ಟಿಗೆ ತಿಳಿದುಬರುತ್ತದೆ.

2. ಪೆಟ್ರೋಲಿನ ಕೊರತೆಯೋ, ಕಿಡಿಯ ಕೊರತೆಯೋ

ಸಾಮಾನ್ಯವಾಗಿ, ಪೆಟ್ರೋಲು ಸಾಲದೆ ಬಂದರೆ ಬಲವು ಮೆಲ್ಲಮೆಲ್ಲನೆ ಕುಗ್ಗುತ್ತದೆ. ಹೆಚ್ಚು ಪೆಟ್ರೋಲು ಬೇಕಾಗುವ ಏರಿನಲ್ಲಿಯೂ ವೇಗದಲ್ಲಿಯೂ ದೋಷವು ಮೊದಲು ಕಾಣುತ್ತದೆ. ಕಿಡಿಯು ತಪ್ಪಿದರೆ ಕಾರು ಜಗ್ಗಿ ಜಗ್ಗಿ ಓಡಿ, ಸೈಲೆನ್ಸರಿನಲ್ಲಿ ಪಟಪಟನೆ ಸದ್ದಾಗಬಹುದು, ಇಲ್ಲವೆ ಇಂಜಿನ್ನು ಒಮ್ಮೆಗೇ ನಿಲ್ಲಬಹುದು.

ಇದನ್ನು ಗೊತ್ತುಮಾಡುವುದಕ್ಕೆ ಒಂದು ಸುಲಭವಾದ ಪರೀಕ್ಷೆಯುಂಟು. ವಾಹನ ಸಂಚಾರವಿಲ್ಲದ ದಾರಿಯಲ್ಲಿ ಬಲ ಕುಗ್ಗಿದೊಡನೆ ಚೋಕನ್ನು ಅರ್ಧದಷ್ಟು ಎಳೆಯಬೇಕು. ಇಂಜಿನ್ನು ಚೇತರಿಸಿಕೊಂಡರೆ ಪೆಟ್ರೋಲಿನ ಕೊರತೆಯೆಂದು ತಿಳಿಯಬಹುದು. ಏನೂ ಗುಣ ಕಾಣದಿದ್ದರೆ ಕಿಡಿಯ ಕಡೆಗೆ ಗಮನ ಕೊಡತಕ್ಕದ್ದು.

3. ಪೆಟ್ರೋಲು ಬರುವ ದಾರಿ

ಪರೀಕ್ಷೆಯನ್ನು ಟ್ಯಾಂಕಿನ ಮುಚ್ಚಳದಿಂದಲೇ ಪ್ರಾರಂಭಿಸಬೇಕು. ಒಂದೇ ತೂತುಳ್ಳ ಎಣ್ಣೆ ಡಬ್ಬಿಯನ್ನು ಬಗ್ಗಿಸಿದರೆ ಎಣ್ಣೆಯು ತಡೆತಡೆದು ಬೀಳುವುದನ್ನು ಎಲ್ಲರೂ ಬಲ್ಲರು. ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ರಂಧ್ರವು ಮುಚ್ಚಿಹೋದರೆ ಕಾರಿನಲ್ಲಿಯೂ ಹಾಗೆಯೇ ಆಗುತ್ತದೆ. ಜಮೀನುದಾರರೊಬ್ಬರ ಕಾರು ಹತ್ತು ಹನ್ನೆರಡು ಕಿಲೋಮೀಟರು ಓಡಿದ ಮೇಲೆ ಬಲಗುಂದುತ್ತಿತ್ತು. ಕಾರ್ಬ್ಯುರೇಟರನ್ನೂ ಪಂಪನ್ನೂ ಬದಲಾಯಿಸಿದರೂ ಗುಣವಾಗಲಿಲ್ಲ. ಕಳೆದುಹೋದ ಮುಚ್ಚಳಕ್ಕೆ ಬದಲಾಗಿ, ಗಾಳಿರಂಧ್ರವಿಲ್ಲದ ಬೇರೊಂದು ವಾಹನದ ಮುಚ್ಚಳವನ್ನು ಹಾಕಿದ್ದುದೇ ಕಾರಣವೆಂದು ಕಡೆಗೆ ತಿಳಿಯಿತು. ಬಲ ಕುಗ್ಗಿದೊಡನೆ ಕಾರನ್ನು ನಿಲ್ಲಿಸಿ ಮುಚ್ಚಳವನ್ನು ತೆಗೆದಾಗ ಬುಸ್ಸೆಂದು ಗಾಳಿ ಒಳಕ್ಕೆ ನುಗ್ಗಿದರೆ ಇದೇ ದೋಷವೆಂದು ತಿಳಿಯಬೇಕು.

ಮುಚ್ಚಳವು ಸರಿಯಾಗಿದ್ದರೆ ಟ್ಯಾಂಕಿನ ತಳದ ಕಸವನ್ನು ಸಂಶಯಿಸಬೇಕು. ಪಂಪು ಸೆಳೆಯುವಾಗ ತುಕ್ಕಿನ ಹಕ್ಕಳೆಯು ಕೊಳವೆಯ ಬಾಯಿಗೆ ಅಂಟಿಕೊಂಡು, ಇಂಜಿನ್ನು ನಿಂತ ಮೇಲೆ ಬಿದ್ದುಹೋಗುವುದುಂಟು. ಮುಂದೆ ಫಿಲ್ಟರನ್ನೂ, ರಬ್ಬರು ಕೊಳವೆಗಳ ಬಿರುಕನ್ನೂ, ಕಡೆಗೆ ಪಂಪನ್ನೂ ನೋಡತಕ್ಕದ್ದು. ಇಂಜಿನ್ನಿನ ಎಣ್ಣೆಯು ಪೆಟ್ರೋಲಿನ ವಾಸನೆ ಹೊಡೆಯುತ್ತಿದ್ದರೆ ಪಂಪಿನ ಒಳಗಿನ ಪೊರೆ ಹರಿದಿರಬಹುದು. ಆಗ ಎಣ್ಣೆಯನ್ನು ಬದಲಾಯಿಸದೆ ಕಾರನ್ನು ಓಡಿಸಕೂಡದು.

ಬೇಸಗೆಯಲ್ಲಿ ಘಾಟಿಯನ್ನು ಹತ್ತುವಾಗ ಮಾತ್ರ ದೋಷವು ತೋರಿದರೆ, ಪೆಟ್ರೋಲು ಕೊಳವೆಯಲ್ಲಿಯೋ ಪಂಪಿನಲ್ಲಿಯೋ ಕಾದು ಆವಿಯಾಗಿ ದಾರಿಯನ್ನು ಕಟ್ಟುತ್ತಿರಬಹುದು. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿದಾಗ ಬೇಗ ಗುಣ ಕಂಡರೆ ಈ ಅನುಮಾನವು ನಿಜವಾಗುತ್ತದೆ. ಕೊಳವೆಯನ್ನು ಹೊಗೆಕೊಳವೆಯಿಂದ ದೂರ ಸರಿಸಿ ಕಟ್ಟುವುದು ಇದಕ್ಕೆ ಪರಿಹಾರ.

4. ಕಿಡಿಯ ಪರೀಕ್ಷೆ

ಇಂಜಿನ್ನು ಕಾದ ಮೇಲೆ ನಿಂತು, ಅರ್ಧ ಗಂಟೆ ತಣಿದ ಮೇಲೆ ಮತ್ತೆ ಓಡಿದರೆ ಕಾಯಿಲಿನ ಮೇಲೆ ಸಂಶಯಪಡಬಹುದು. ದೋಷವಿರುವಾಗಲೇ ಬೇರೊಂದು ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಇಂಜಿನ್ನಿನ ಲೋಹಕ್ಕೆ ತಗುಲಿಸಿ ತಿರುಗಿಸಿದಾಗ ಕಿಡಿಯು ನೀಲಿಯಾಗಿ ಬಲವಾಗಿರಬೇಕು. ಸಣ್ಣದಾಗಿ ಹಳದಿಯಾಗಿದ್ದರೆ ದೋಷವುಂಟು. ಪಾಯಿಂಟುಗಳು ಸುಟ್ಟು ಕಪ್ಪಾಗಿದ್ದರೆ ಕಂಡೆನ್ಸರನ್ನೂ ಪರೀಕ್ಷಿಸತಕ್ಕದ್ದು. ಪಾಯಿಂಟುಗಳ ನಡುವಣ ಅಂತರವು ಅಂಬಾಸಿಡರಿನಂಥ ಇಂಜಿನ್ನಿಗೆ ಸುಮಾರು 0.4 ಮಿಲಿಮೀಟರು ಇರಬೇಕು. ಡಿಸ್ಟ್ರಿಬ್ಯೂಟರಿನ ಒಳಗಿನ ಸಣ್ಣ ತಂತಿಯು ಹೊದಿಕೆಯೊಳಗೇ ತುಂಡಾಗಿ, ಆಕ್ಸಿಲರೇಟರನ್ನು ಒತ್ತಿದಾಗ ಮಾತ್ರ ಸಂಪರ್ಕ ತಪ್ಪುವುದುಂಟು; ಅದನ್ನು ಬೆರಳಿನಿಂದ ಮೆಲ್ಲಗೆ ಎಳೆದು ನೋಡಬೇಕು. ಮಳೆಗಾಲದಲ್ಲಿ ಮಾತ್ರ ದೋಷವು ಕಂಡರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕೂದಲೆಳೆಯಂಥ ಬಿರುಕನ್ನು ಹುಡುಕಬೇಕು.

5. ಬೇರೆ ಕಾರಣಗಳು

ಒಂದು ಚಕ್ರದ ಬ್ರೇಕು ಬಿಗಿಹಿಡಿದಿದ್ದರೂ ಇಂಜಿನ್ನು ಬಲಗುಂದಿದಂತೆಯೇ ತೋರುತ್ತದೆ. ಕಾರು ನಿಂತಾಗ ನಾಲ್ಕು ಚಕ್ರಗಳ ಬಳಿಯೂ ಅಂಗೈ ಹಿಡಿದು, ಒಂದು ಮಾತ್ರ ಹೆಚ್ಚು ಕಾದಿದೆಯೇ ಎಂದು ನೋಡತಕ್ಕದ್ದು. ಇಂಜಿನ್ನಿನ ಸದ್ದು ಏರಿದರೂ ಕಾರಿನ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆಯೆಂದು ಅರ್ಥ. ಕಪ್ಪು ಹೊಗೆ ಬಂದರೆ ಗಾಳಿಯ ಫಿಲ್ಟರನ್ನು ಶುದ್ಧಿಮಾಡಬೇಕು. ಸುಗ್ಗಿಯ ಕಾಲದಲ್ಲಿ ಕಣದ ಧೂಳಿನಿಂದ ಅದು ಬೇಗ ಕಟ್ಟಿಕೊಳ್ಳುತ್ತದೆ.

6. ಎಥನಾಲ್ ಬೆರೆತ ಪೆಟ್ರೋಲು

ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2023ನೆಯ ಇಸವಿ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ, ಅನಂತರ ದೇಶದಲ್ಲೆಲ್ಲ ಬಳಕೆಗೆ ಬಂದಿತು. ನಮ್ಮ ರೈತರು ಬೆಳೆಯುವ ಕಬ್ಬು ಮತ್ತು ಮೆಕ್ಕೆಜೋಳಗಳಿಂದಲೇ ಎಥನಾಲನ್ನು ತಯಾರಿಸುವುದರಿಂದ ಇದು ಸಂತೋಷದ ಸಂಗತಿಯೇ ಸರಿ. ಆದರೆ ಹಳೆಯ ಕಾರುಗಳು ಇದಕ್ಕಾಗಿ ನಿರ್ಮಿತವಾದುವಲ್ಲ. ಎಥನಾಲು ಹಳೆಯ ಟ್ಯಾಂಕಿನಲ್ಲಿ ಅಂಟಿರುವ ಜಿಡ್ಡನ್ನು ಕಳಚಿ ಫಿಲ್ಟರಿಗೆ ತರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ, ತೇವವನ್ನು ಹೀರಿಕೊಳ್ಳುತ್ತದೆ. ತೇವವು ಮಿತಿಮೀರಿದರೆ ನೀರೂ ಎಥನಾಲೂ ಕೂಡಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆದುದರಿಂದ ಹೊಸ ಬಗೆಯ ರಬ್ಬರು ಕೊಳವೆಗಳನ್ನು ಹಾಕಿಸುವುದೂ, ಕಾರನ್ನು ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸದಿರುವುದೂ ಒಳ್ಳೆಯದು. ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಿಡಿದು ಒಂದು ಗಂಟೆ ಇಟ್ಟರೆ ತಳದಲ್ಲಿ ನೀರೂ ಕಸವೂ ಕಾಣುತ್ತವೆ.

7. ಎಚ್ಚರಿಕೆ

ಪೆಟ್ರೋಲಿನ ಕೊಳವೆಯನ್ನು ಬಿಚ್ಚುವುದಕ್ಕೆ ಮುಂಚೆ ಇಂಜಿನ್ನು ತಣಿದಿರಬೇಕು. ಬೀಡಿ, ಬೆಂಕಿಕಡ್ಡಿ, ಲಾಂದ್ರಗಳನ್ನು ಹತ್ತಿರ ತರಕೂಡದು. ಚೆಲ್ಲಿದ ಪೆಟ್ರೋಲು ಆರುವವರೆಗೆ ಕಿಡಿಯನ್ನು ಪರೀಕ್ಷಿಸಲೇಕೂಡದು. ದೋಷವು ಗೊತ್ತಾಗುವವರೆಗೆ ರೋಗಿಯನ್ನಾಗಲಿ ಮಕ್ಕಳನ್ನಾಗಲಿ ಈ ಕಾರಿನಲ್ಲಿ ದೂರ ಕರೆದೊಯ್ಯದಿರುವುದು ಕ್ಷೇಮಕರವು.

ಒಂದು ಸಲಕ್ಕೆ ಒಂದೇ ಭಾಗವನ್ನು ಸರಿಪಡಿಸಿ, ಓಡಿಸಿ ನೋಡಿ, ಫಲವನ್ನು ಪುಸ್ತಕದಲ್ಲಿ ಬರೆಯತಕ್ಕದ್ದು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ, ದೋಷವು ಮರಳಿದಾಗ ಪುನಃ ಮೊದಲಿನಿಂದ ಹುಡುಕಬೇಕಾಗುತ್ತದೆ. ಹೀಗೆ ಬರೆದ ಪುಸ್ತಕವನ್ನು ಮೆಕ್ಯಾನಿಕ್ಕನ ಕೈಗೆ ಕೊಟ್ಟರೆ ಅವನ ಕೆಲಸ ಹಗುರವಾಗುವುದು; ಯಜಮಾನರ ಖರ್ಚೂ ಕಡಿಮೆಯಾಗುವುದು.