ಹೊಳಿ ಬಂದದ: ಪಾತ್ರದಾಟಕ್ಕೆ ನಿಯಮ ಕಟ್ಟುವ ಬಗೆ

ದೊಡ್ಡಾಟದಲ್ಲಿ ವೇಷಧಾರಿ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ನಿಂತು ಕೇಳುತ್ತಾನೆ: ಯಾರು ನೀವು, ಯಾವ ಊರಿನವರು, ಇಲ್ಲಿಗೇಕೆ ಬಂದಿರಿ? ಎಂಥ ರಾಜನಾದರೂ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಮೇಜಿನ ಸುತ್ತ, ಇಲ್ಲವೇ ಜಮಖಾನೆಯ ಮೇಲೆ ಕುಳಿತು ಆಡುವ ರೋಲ್ ಪ್ಲೇಯಿಂಗ್ ಗೇಮ್ ಶುರುವಾಗುವುದೂ ಹೀಗೆಯೇ. ನಾಲ್ಕೈದು ಜನ ಒಂದೊಂದು ಪಾತ್ರ ಹಿಡಿಯುತ್ತಾರೆ. ಒಬ್ಬರು ಉಳಿದ ಲೋಕವನ್ನೆಲ್ಲ ನಡೆಸುತ್ತಾರೆ. ಮುಂದೇನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲದ ಕಡೆ ದಾಳ ಉರುಳುತ್ತದೆ.

ಈ ಬಗೆಯಲ್ಲಿ ಮೊದಲು ಪ್ರಕಟವಾದದ್ದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದು ಹುಟ್ಟಿದ್ದು ಗೊಂಬೆ ಸೈನಿಕರ ಯುದ್ಧದಾಟದಿಂದ. ಹಾಗಾಗಿ ಅದರ ಲೆಕ್ಕವೆಲ್ಲ ಏಟು, ಕವಚ, ಚಿನ್ನದ್ದು. ಆಡುವವರೂ ಅದನ್ನೇ ಹುಡುಕಿಕೊಂಡು ಹೊರಡುತ್ತಾರೆ. ನಿಯಮ ಬರೆಯಲು ಕುಳಿತವರು ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ನಮ್ಮ ಆಟದಲ್ಲಿ ಲೆಕ್ಕ ಇಡುವುದು ಯಾವುದನ್ನು? ಕತ್ತಿಯೇಟು ಎಣಿಸಿದರೆ ಆಟ ಕತ್ತಿಯದಾಗುತ್ತದೆ. ಸಾಲ ಎಣಿಸಿದರೆ ಸಾಲದ್ದು.

ನಾನು ಮನೆಮಂದಿಗಾಗಿ ಕಟ್ಟಿದ ಆಟದ ಹೆಸರು ‘ಹೊಳಿ ಬಂದದ’. ನಮ್ಮ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಅದರೊಳಗಿವೆ. ಆಳಂದ ಸೀಮೆಯ ಅಮರ್ಜಾ ಹೊಳೆ ಹರಿದು ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಅಫಜಲಪುರ ದಾಟಿ ಜೇವರ್ಗಿಯ ಕಡೆ ಇಳಿಯುತ್ತದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಲ್ಲಿ ಮಳೆ ಹೊಡೆದು, ಉಜನಿ ಜಲಾಶಯದಿಂದ ಭೀಮೆಗೆ ನೀರು ಬಿಟ್ಟಾಗ, ಸೊನ್ನ ಬ್ಯಾರೇಜಿನ ಕೆಳಗಿನ ಹಳ್ಳಿಗಳು ಮುಳುಗಿದ್ದನ್ನು ಇಲ್ಲಿಯವರು ಮರೆತಿಲ್ಲ. ನದಿಯ ಈ ದಾರಿಯೇ ನನ್ನ ಮೊದಲ ನಿಯಮವಾಯಿತು: ಈ ಸುತ್ತಿನಲ್ಲಿ ಅಫಜಲಪುರದ ದಡಕ್ಕೆ ಬಂದ ನೀರು ಮುಂದಿನ ಸುತ್ತಿನಲ್ಲಿ ಜೇವರ್ಗಿಗೆ ಬರುತ್ತದೆ. ಸುದ್ದಿ ಮಾತ್ರ ಫೋನಿನಲ್ಲಿ ಮೊದಲೇ ತಲುಪುತ್ತದೆ. ನಂಬುವುದು ಬಿಡುವುದು ಆಡುವವರಿಗೆ ಬಿಟ್ಟದ್ದು.

ಲೋಕ ನಡೆಸುವವರನ್ನು ‘ಸಾರಥಿ’ ಎಂದೇ ಕರೆದೆ. ಪಾತ್ರ ಕಟ್ಟಲು ಅವನು ಕೇಳುವ ಪ್ರಶ್ನೆಗಳು ನಾಲ್ಕೇ. ನೀ ಯಾರು? ಯಾವ್ಯಾವ ಭಾಷಾ ಬರ್ತಾವ? ಯಾರಿಗೆ ಏನು ಕೊಡೋದದ? ಯಾವುದನ್ನು ಬಿಟ್ಟು ಬರಂಗಿಲ್ಲ? ಭಾಷೆಯ ಪ್ರಶ್ನೆ ಸುಮ್ಮನೆ ಇಟ್ಟದ್ದಲ್ಲ. ಸೊಲ್ಲಾಪುರದ ಕಡೆಯಿಂದ ಬಂದ ಲಾರಿಯವನ ಮಾತು ಮರಾಠಿ ಬಲ್ಲವರಿಗಷ್ಟೇ ಪೂರ್ತಿ ತಿಳಿಯುತ್ತದೆ. ಅಂಥವರು ಹೆಚ್ಚಾಗಿ ಆಳಂದದ ಪಾತ್ರಗಳೇ. ಕೊನೆಯ ಪ್ರಶ್ನೆಗೆ ಒಬ್ಬರು ಗಾಣಗಾಪುರಕ್ಕೆ ಬಂದ ದತ್ತಭಕ್ತನಾಗಿ ‘ಮಧುಕರಿ’ ಎಂದರು. ಐದು ಮನೆ ಬೇಡದೆ ಉಣ್ಣುವುದಿಲ್ಲ ಎಂಬ ವ್ರತ ಅದು. ಊರಿಗೆ ಊರೇ ಖಾಲಿಯಾಗುತ್ತಿರುವಾಗ ಐದು ಮನೆ ಎಲ್ಲಿ ಸಿಗಬೇಕು? ಇಂಥ ಒಂದು ಸಾಲಿನ ಕಟ್ಟುಪಾಡು ಹತ್ತು ಪುಟದ ಶಕ್ತಿ-ಸಾಮರ್ಥ್ಯದ ಕೋಷ್ಟಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ದಾಳ. ಇಂಥ ಆಟಗಳಲ್ಲಿ ಉರುಳುವ ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಅಂಕಿಗೂ ನೂರಕ್ಕೆ ಐದರಷ್ಟೇ ಅವಕಾಶ. ಒಂದು ಬೀಳುವುದೂ ಇಪ್ಪತ್ತು ಬೀಳುವುದೂ ಸಮ. ಅದು ನನಗೆ ಒಗ್ಗಲಿಲ್ಲ. ಚೌಕಾಬಾರದ ನಾಲ್ಕು ಕವಡೆ ತೆಗೆದುಕೊಂಡೆ. ಎಷ್ಟು ಅಂಗಾತ ಬಿದ್ದವು ಎಂದಷ್ಟೇ ಎಣಿಸಬೇಕು. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ, ಒಟ್ಟು 16 ಸಾಧ್ಯತೆಗಳಲ್ಲಿ ಎರಡು ಅಂಗಾತವಾಗುವುದು 6 ಸಲ, ಒಂದು 4 ಸಲ, ಮೂರು 4 ಸಲ, ಎಲ್ಲ ಬೋರಲು ಒಂದು ಸಲ, ಎಲ್ಲ ಅಂಗಾತ ಒಂದು ಸಲ. ಅಂದರೆ ನಡುವಿನದೇ ಹೆಚ್ಚು. ಸೊನ್ನೆ ಅಥವಾ ಒಂದು ಬಿದ್ದರೆ ಕೆಲಸ ಕೆಟ್ಟಿತು, ನೀರು ಒಂದು ಮೆಟ್ಟಿಲು ಏರಿತು. ಮೂರು, ನಾಲ್ಕು ಬಿದ್ದರೆ ಅಂದುಕೊಂಡಂತೆ ಆಯಿತು. ಎರಡು ಬಿದ್ದರೆ ಆಯಿತು, ಆದರೆ ಏನೋ ಒಂದು ಕೈಬಿಟ್ಟಿತು.

ಆ ಎರಡೇ ಈ ಆಟದ ಜೀವ.

‘ಮಾಮಾ, ನಾ ಎಮ್ಮಿ ಬಿಚ್ಚಿ ಹೊಡ್ಕೊಂಡು ಬರ್ತೀನ್ರಿ’ ಅಂದಳು ತಂಗಿಯ ಮಗಳು.

‘ನೀರು ಮೊಳಕಾಲ ಮಟ ಅದ. ಕವಡಿ ಒಗಿ.’

ಎರಡು ಅಂಗಾತ.

‘ಎಮ್ಮಿ ಬಂತು. ಕರಾ ಕೊಟ್ಟಿಗ್ಯಾಗೇ ಉಳೀತು. ಏನ್ ಮಾಡ್ತಿ?’

ಹುಡುಗಿ ಕವಡೆ ಮುಟ್ಟದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಹೌದು-ಇಲ್ಲ ಎರಡೇ ಇದ್ದಿದ್ದರೆ ಆ ಮೌನ ಸಿಗುತ್ತಿರಲಿಲ್ಲ. ಅಂದಹಾಗೆ, ಎಲ್ಲದಕ್ಕೂ ಕವಡೆ ಒಗೆಸಬಾರದು. ಸೋತರೆ ಕಥೆ ಅಲ್ಲೇ ನಿಂತುಬಿಡುವ ಕಡೆ, ಗೆದ್ದರೂ ಏನೂ ಬದಲಾಗದ ಕಡೆ ಸಾರಥಿ ‘ಆತು, ಮುಂದ ನಡಿ’ ಅಂದರೆ ಸಾಕು.

ಕವಡೆಯನ್ನು ಹಾಗೇ ನಂಬಲೂ ಬಾರದು. ಒಂದೊಂದರ ಬೆನ್ನು ಒಂದೊಂದು ಥರ. ಪ್ರತಿಯೊಂದನ್ನೂ ಐವತ್ತು ಸಲ ಒಗೆದು ಗೀಟು ಹಾಕಿ. ಒಂದೇ ಬದಿಗೆ ವಾಲುವುದನ್ನು ಬದಲಿಸಿ. ಕವಡೆಯ ಬದಲು ಬಳಸುವ, ಒಂದು ಬದಿ ತಿಕ್ಕಿ ಬಿಳಿ ಮಾಡಿದ ಹುಣಸೆಬೀಜಕ್ಕೂ ಇದೇ ಪರೀಕ್ಷೆ.

ಸಹಾಯಕ್ಕೆ ಐದನೇ ಕವಡೆ. ಇನ್ನೊಬ್ಬರು ಕೈಜೋಡಿಸಿದರೆ ಐದು ಒಗೆಯಬಹುದು. ಆಗ ಕೆಡುವ ಸಾಧ್ಯತೆ 16ಕ್ಕೆ 5ರಿಂದ 16ಕ್ಕೆ 3ಕ್ಕೆ ಇಳಿಯುತ್ತದೆ, ಪೂರ್ತಿ ಗೆಲ್ಲುವುದು ಅರ್ಧಕ್ಕೆ ಏರುತ್ತದೆ. ಆದರೆ ಪುಕ್ಕಟೆ ಅಲ್ಲ. ಸಹಾಯ ಪಡೆದವರು ತಮ್ಮ ಮುಂದಿಟ್ಟುಕೊಂಡ ತೊಗರಿಕಾಳುಗಳಲ್ಲಿ ಒಂದನ್ನು ಸಹಾಯ ಮಾಡಿದವರಿಗೆ ಕೊಡಬೇಕು. ಇದು ಉದ್ರಿ. ಮುಂದೆ ಯಾವಾಗಲಾದರೂ ಸಹಾಯ ಮಾಡಿದವರು ಆ ಕಾಳು ವಾಪಸು ಇಟ್ಟು ‘ಈಗ ನನ್ನ ಮಾತು ನಡಸು’ ಎನ್ನಬಹುದು, ಕೊಟ್ಟವರು ನಡೆಸಲೇಬೇಕು. ತೊಗರಿಯ ಸೀಮೆಯಲ್ಲಿ ಪ್ಲಾಸ್ಟಿಕ್ ಬಿಲ್ಲೆ ಯಾಕೆ ಬೇಕು?

ಬರೆದಾಗ ಚೆಂದ ಕಂಡದ್ದೆಲ್ಲ ಆಡಿದಾಗ ನಿಲ್ಲಲಿಲ್ಲ. ಮೊದಲ ರಾತ್ರಿ ನೀರಿಗೆ 12 ಮೆಟ್ಟಿಲು ಇಟ್ಟಿದ್ದೆ; ಅಷ್ಟೂ ಏರುವವರೆಗೆ ಆಟ. ಒಂದು ಮೆಟ್ಟಿಲು ಏರಲು ಸರಾಸರಿ ಮೂರಕ್ಕಿಂತ ತುಸು ಹೆಚ್ಚು ಸಲ ಒಗೆಯಬೇಕಾಗುತ್ತದೆ. 12ಕ್ಕೆ ಸುಮಾರು 38. ಆಟ ಎಳೆದು ಎಳೆದು ಮಕ್ಕಳು ಜಮಖಾನೆಯ ಮೇಲೇ ಮಲಗಿಬಿಟ್ಟರು. ಎಂಟಕ್ಕೆ ಇಳಿಸಿದೆ, ಸುಮಾರು 26 ಆಯಿತು. ಐದು ಜನರಿಗೆ ತಲಾ ಐದು ಸರದಿ. ಇನ್ನೊಂದು ದೋಷ, ಎಲ್ಲರೂ ಗಳಿಸಿದ ಕಾಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತರು. ಅದಕ್ಕೆ ‘ನೀರು ಮೆಟ್ಟಿಲು ಏರಿದಾಗೆಲ್ಲ ಪ್ರತಿಯೊಬ್ಬರ ಒಂದು ಕಾಳು ಹೊಳೆಪಾಲು’ ಎಂಬ ನಿಯಮ ಸೇರಿತು. ಮರುಕ್ಷಣ ಎಲ್ಲರೂ ಉದ್ರಿ ತೀರಿಸೆಂದು ಕೇಳತೊಡಗಿದರು.

ನಿಯಮ ಸೇರಿಸುವ ಚಪಲವೂ ಒಂದು ರೋಗ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಎಲೆಯಾಟಗಳನ್ನು ರೂಪಿಸಿದವರು; ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಅವು ಇವೆ. ಅವುಗಳಲ್ಲೊಂದಕ್ಕೆ 360 ಎಲೆಗಳು. ಅರಸರು ಕರೆದರೆ ಕೂತು ಕಲಿಯುವವರಿರುತ್ತಾರೆ. ನಮ್ಮ ಮನೆಯಲ್ಲಿ ಒಂದು ಹಾಳೆಯ ಎರಡು ಬದಿ ದಾಟಿದರೆ ಯಾರೂ ಓದುವುದಿಲ್ಲ.

ಕೊನೆಯ ಪರೀಕ್ಷೆ, ಹಾಳೆಯನ್ನು ಆಟ ನೋಡದವರ ಕೈಗೆ ಕೊಟ್ಟು ಬಾಯಿ ಮುಚ್ಚಿ ಕುಳಿತುಕೊಳ್ಳುವುದು. ಅವರು ಎಲ್ಲಿ ತಡೆದು ತಲೆ ಎತ್ತುತ್ತಾರೋ ಅಲ್ಲಿ ನಿಮ್ಮ ವಾಕ್ಯ ಸೋತಿದೆ. ನಾನು ಅತ್ತೆಗೆ ಕೊಟ್ಟೆ. ಕನ್ನಡಕ ಏರಿಸಿ ಎರಡೂ ಬದಿ ಓದಿದರು.

‘ಎಲ್ಲಾ ಖರೇ. ಕಾಳು ಕೊಟ್ಟಾಕಿ ಹೊಳ್ಯಾಗ ಹೋದ್ಳಂದ್ರ ಆ ಉದ್ರಿ ಯಾರು ತೀರಸ್ತಾರ? ಅಕಿ ಮಗಾ ತೀರಸ್ತಾನೋ, ಬಿಟ್ಟುಬಿಡೂದೋ?’

ಅದನ್ನು ನಾನು ಬರೆದಿರಲಿಲ್ಲ. ಹಾಳೆಯ ಅಂಚಿನಲ್ಲಿ ಅವರ ಪ್ರಶ್ನೆಯನ್ನೇ ಗೀಚಿಕೊಂಡಿದ್ದೇನೆ. ಭಾನುವಾರ ಆಡಿ ನೋಡಬೇಕು.